ಚಪ್ಪಲಿಗಳ ಸಾಲಿನಲ್ಲಿ ಒಂದು ಗಾಲಿಕುರ್ಚಿ

ನನ್ನ ಚೀಲದಲ್ಲಿ ಯಾವಾಗಲೂ ಉದ್ದ ಹಿಡಿಯ ಒಂದು ಕೈಗನ್ನಡಿ ಇರುತ್ತದೆ. ಬಸ್ಸಿನಲ್ಲಿ ಚಿಲ್ಲರೆ ಹುಡುಕುವಾಗ ಅದು ಹೊರಗೆ ಬಂದರೆ ಪಕ್ಕದಲ್ಲಿ ಕುಳಿತವರು ಒಮ್ಮೆ ಕನ್ನಡಿಯನ್ನೂ ಒಮ್ಮೆ ನನ್ನ ಮುಖವನ್ನೂ ನೋಡುತ್ತಾರೆ. ನಾನು ವಿವರಿಸಲು ಹೋಗುವುದಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವೇ ಗೊತ್ತಾಗದವರು ತಮ್ಮ ಹಿಂಭಾಗದ ಚರ್ಮವನ್ನು ದಿನಕ್ಕೆ ಎರಡು ಸಲ ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಅಲುಗಾಡದೆ ಬಹಳ ಹೊತ್ತು ಕುಳಿತರೆ, ಅಥವಾ ಮೈ ನೆಲಕ್ಕೆ ಉಜ್ಜಿದರೆ, ಅಲ್ಲಿ ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ, ಆಮೇಲೆ ಹುಣ್ಣು ಒಳಗೊಳಗೇ ಎಲುಬಿನವರೆಗೆ ಇಳಿಯುತ್ತದೆ. ನೋವಿಲ್ಲದ ಕಾರಣ ಇಳಿದದ್ದು ತಿಳಿಯುವುದಿಲ್ಲ. ಜ್ವರ ಬಂದ ಮೇಲೆ ತಿಳಿಯುತ್ತದೆ.

ಮಣಿಪಾಲದಲ್ಲಿ ಇಂಥವರ ಪುನಶ್ಚೇತನದ ಬಗ್ಗೆ ಸಂಶೋಧನೆ ಮಾಡುವುದು ನನ್ನ ಕೆಲಸ. ವಾರ್ಡಿನಲ್ಲಿ ನಾವು ಕಲಿಸಿದ್ದರಲ್ಲಿ ಎಷ್ಟು ಮನೆಯಲ್ಲಿ ಉಳಿಯುತ್ತದೆ ಎಂದು ನೋಡಲು ಕಾಪು, ಕಾರ್ಕಳ, ಉಡುಪಿಯ ಸುತ್ತಿನ ಮನೆಗಳಿಗೆ ಹೋಗುತ್ತೇನೆ. ಪ್ರಶ್ನೆಗಳ ಒಂದು ಕಟ್ಟು, ಅಳತೆಯ ಟೇಪು, ಕನ್ನಡಿ. ಹಾಸಿಗೆಯಿಂದ ಕುರ್ಚಿಗೆ ಸ್ವತಃ ದಾಟುತ್ತೀರಾ? ಮನೆಯೊಳಗೆ ಓಡಾಡಲು ಗಾಲಿಕುರ್ಚಿ ಬಳಸುತ್ತೀರಾ? ಹೌದು, ಇಲ್ಲ, ಸಹಾಯದೊಂದಿಗೆ. ಎರಡು ವರ್ಷ ಕಳೆಯುವಷ್ಟರಲ್ಲಿ ಪ್ರಶ್ನೆಗಳು ನನಗೆ ಬಾಯಿಪಾಠವಾಗಿದ್ದವು. ಉತ್ತರಗಳೂ ಆಗಿದ್ದವು. ಶನಿವಾರ ಬೆಳ್ಮಣ್ಣಿನ ನಮ್ಮ ಮನೆಗೆ ಹೋದರೆ ತಾಯಿ ಏನಾದರೂ ಕೇಳುವ ಮೊದಲೇ ನಾನು ಹೌದು ಎನ್ನುತ್ತಿದ್ದೆ. ಅನ್ನ ಹಾಕಲೇ ಎಂದು ಕೇಳಿದ್ದೋ, ಬಟ್ಟೆ ಒಗೆಯಲು ಉಂಟೋ ಎಂದು ಕೇಳಿದ್ದೋ ಗಮನಿಸುತ್ತಿರಲಿಲ್ಲ.

ಇಲ್ಲಿ ಬರೆಯಲು ಹೊರಟಿರುವುದು ಕಾಪುವಿನ ಒಂದು ಮನೆಯ ವಿಷಯ.

ಆ ಮನೆಯ ಹೆಂಗಸಿಗೆ ನಲವತ್ತರ ಆಸುಪಾಸು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಕಾಪುವಿನ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದವರು. ಒಂದು ಬೆಳಿಗ್ಗೆ ಮಲ್ಪೆಯಿಂದ ಮೀನಿನ ಪೆಟ್ಟಿಗೆಗಳ ಜೊತೆ ಗೂಡ್ಸ್ ರಿಕ್ಷಾದಲ್ಲಿ ಬರುವಾಗ ರಿಕ್ಷಾ ಮಗುಚಿತು. ಗಂಡ ಬೋಟಿನಲ್ಲಿ, ಮೀನುಗಾರಿಕೆ ಶುರುವಾದರೆ ಮನೆಯಲ್ಲಿ ಇರುವುದು ಕಡಿಮೆ. ಇಲ್ಲಿನ ಮೀನುಗಾರ ಸಮುದಾಯದ ಹಲವು ಮನೆಗಳಂತೆ ಅಲ್ಲಿಯೂ ಹೆಂಗಸು ತಾಯಿಮನೆಯಲ್ಲಿಯೇ ಇದ್ದರು. ಹಾಗಾಗಿ ನೋಡಿಕೊಳ್ಳುತ್ತಿದ್ದದ್ದು ಅವರ ತಾಯಿ. ಎಪ್ಪತ್ತು ದಾಟಿದ, ತಮ್ಮ ಕಾಲದಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದ ಹೆಂಗಸು.

ಕಾಲು ಯಾವಾಗ ಬರುತ್ತದೆ ಎಂಬುದು ವಾರ್ಡಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಅಕ್ಕ ಅದನ್ನು ಒಂದೇ ಸಲ ಕೇಳಿದರು, ನಮ್ಮ ಮುಖ ನೋಡಿ ಬಿಟ್ಟರು. ಆಮೇಲೆ ಕೇಳಿದ್ದು ಬೇರೆ.

"ಎಷ್ಟು ಹೊತ್ತು ಕೂತ್ಕೊಳ್ಳಬಹುದು?"

ಯಾಕೆ ಎಂದೆ.

"ಮೀನು ಮಾರುವುದು ನಿಂತುಕೊಂಡಾ? ಕೂತು ಮಾರುವುದಲ್ವಾ. ಅದಕ್ಕೆ ಕಾಲು ಎಂತಕ್ಕೆ?"

ಮಾರುಕಟ್ಟೆಯಲ್ಲಿ ಅವರಿಗೆ ಸಾಲಿನ ನಡುವೆ, ಬೆಳಕು ಬೀಳುವ ಕಡೆ ಒಂದು ಜಾಗವಿತ್ತು. ತಾಯಿಯಿಂದ ಬಂದದ್ದು. ಪಕ್ಕದಲ್ಲಿ ಕೂರುವವರು ಅಕ್ಕನ ಮಣೆಯನ್ನು ಬೋರಲು ಹಾಕಿ ಆ ಜಾಗವನ್ನು ಕಾಯುತ್ತಿದ್ದರು. ಆದರೆ ಎಷ್ಟು ದಿನ? ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವಾಗ ಎಲ್ಲರೂ ತಂತಮ್ಮ ಜಾಗಕ್ಕೆ ಬಂದು ಕೂರುತ್ತಾರೆ. ಆ ವಾರ ಬಾರದವರ ಜಾಗ ಉಳಿಯುವುದಿಲ್ಲ. ಅದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಎಲ್ಲರಿಗೂ ಗೊತ್ತು. ಬೋಟು ಇಳಿಯುವ ಮೊದಲು ಒಂದೇ ಸಮ ಎರಡು ಗಂಟೆ ಕೂರುವಷ್ಟಾದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದರು. ತೋಳುಗಳಲ್ಲಿ ಬಲವಿತ್ತು. ಕುರ್ಚಿಯ ಕೈಗಳನ್ನು ಒತ್ತಿ ಮೈ ಎತ್ತುವುದನ್ನು ಎರಡೇ ದಿನದಲ್ಲಿ ಕಲಿತರು. ಕಾಲು ಗಂಟೆಗೊಮ್ಮೆ ಹೀಗೆ ಎತ್ತಬೇಕು, ಚರ್ಮಕ್ಕೆ ರಕ್ತ ಬರಬೇಕು ಎಂದಾಗ, "ಗಂಜಿ ಕುದಿಯುವಾಗ ಮುಚ್ಚಳ ಎತ್ತುವ ಹಾಗೆ" ಎಂದು ಪಕ್ಕದ ಹಾಸಿಗೆಯವರಿಗೆ ತಾವೇ ಪಾಠ ಮಾಡಿದರು.

ಮನೆಗೆ ಕಳಿಸುವಾಗ ಒಂದು ಗಾಲಿಕುರ್ಚಿ, ಒಂದು ದಿಂಬು, ಒಂದು ಕನ್ನಡಿ ಕೊಟ್ಟೆವು. ಮನೆಯ ಮೆಟ್ಟಿಲಿಗೆ ಹಲಗೆಯ ಇಳಿಜಾರು ಮಾಡಿಸಿದೆವು. ಅಳತೆ ನಾನೇ ತೆಗೆದದ್ದು.

ಆಮೇಲೆ ಮೂರು ಸಲ ಹೋದೆ. ಪ್ರತಿ ಸಲವೂ ಹಿಂದಿನ ದಿನ ಫೋನ್ ಮಾಡಿ, ಬರಬಹುದೇ ಎಂದು ಕೇಳಿಯೇ ಹೋಗುತ್ತಿದ್ದೆ. ಅದು ನಮ್ಮ ಕ್ರಮ. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಮೆಟ್ಟಿಲ ಬಳಿಯ ಚೆಂಬಿನ ನೀರಿನಲ್ಲಿ ಕಾಲು ತೊಳೆದು, ಚಾವಡಿಗೆ ಕಾಲಿಡುತ್ತಿದ್ದೆ. ಚಾವಡಿಯೆಂದರೆ ಮನೆಯ ಮುಂದಿನ ದೊಡ್ಡ ಕೋಣೆ. ಅದರ ಒಂದು ಮೂಲೆಯಲ್ಲಿ ಮನೆಯ ದೈವದ ಸಣ್ಣ ಮಂಚವಿತ್ತು, ಮುಂದೆ ದೀಪ. ಕೆಂಪು ಕಾವಿಯ ನೆಲದ ನಡುವೆ ಅಕ್ಕ ಗಾಲಿಕುರ್ಚಿಯಲ್ಲಿ ಕುಳಿತು, ತಲೆ ಬಾಚಿ, ಹೂ ಮುಡಿದು ನನಗಾಗಿ ಕಾಯುತ್ತಿದ್ದರು. ನಾನು ಫಾರ್ಮಿನ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಓದುತ್ತಿದ್ದೆ. ಅವರು ಅಷ್ಟೇ ಮರ್ಯಾದೆಯ ಕನ್ನಡದಲ್ಲಿ ಉತ್ತರಿಸುತ್ತಿದ್ದರು. ನಮ್ಮಿಬ್ಬರ ಮನೆಮಾತೂ ತುಳು.

ಮನೆಯೊಳಗೆ ಗಾಲಿಕುರ್ಚಿ ಬಳಸುತ್ತೀರಾ?

"ಹೌದು ಮೇಡಂ, ಬಳಸುತ್ತೇನೆ."

ತಾಯಿ ಚಹಾ ತರುತ್ತಿದ್ದರು, ಜೊತೆಗೆ ತಟ್ಟೆಯಲ್ಲಿ ಚಕ್ಕುಲಿ. ಮೂರನೆಯ ಸಲ ನೆಲದಲ್ಲಿ ಎರಡು ಒದ್ದೆ ಗೆರೆಗಳು ಕಂಡವು. ಬಾಗಿಲಿನಿಂದ ಕುರ್ಚಿಯವರೆಗೆ ಬಂದು ನಿಂತಿದ್ದವು. ನೆಲ ಒರೆಸಿದ್ದಾರೆ ಎಂದುಕೊಂಡೆ. ಚಕ್ರಗಳು ಹೊಸತರಂತೆ ಇದ್ದವು. ಕುರ್ಚಿಯ ನಿರ್ವಹಣೆ ಉತ್ತಮ ಎಂದು ಬರೆದೆ.

ಜುಲೈಯಲ್ಲಿ ಒಂದು ದಿನ ಇನ್ನಂಜೆಯಲ್ಲಿ ಬೇರೊಬ್ಬರನ್ನು ನೋಡಬೇಕಿತ್ತು. ಹೋದರೆ ಮನೆಗೆ ಬೀಗ. ಮಗಳ ಮನೆಗೆ ಹೋಗಿದ್ದಾರೆ, ನಿಮಗೆ ಹೇಳಲು ಮರೆತಿರಬೇಕು ಎಂದು ನೆರೆಯವರು ಅಂದರು. ಕೊಡೆ ಹಿಡಿದು ಗದ್ದೆಯ ಬದುವಿನಲ್ಲಿ ವಾಪಸು ನಡೆದು ಕಾಪುವಿಗೆ ಬಸ್ಸು ಹಿಡಿದೆ. ಫೋನಿನ ಚಾರ್ಜು ಮುಗಿದಿತ್ತು. ಅಕ್ಕನ ದಿಂಬಿಗೆ ಹೊಸ ಹೊದಿಕೆ ಚೀಲದಲ್ಲಿತ್ತು. ಕೊಟ್ಟು ಹೋಗೋಣ, ಐದು ನಿಮಿಷ ಎಂದುಕೊಂಡೆ. ಮಾಡಲು ಹೆಚ್ಚೇನೂ ಇರಲಿಲ್ಲ ಎಂಬುದು ನಿಜ, ನನಗೆ ಎಲ್ಲಾದರೂ ಒಮ್ಮೆ ಕೂತುಕೊಳ್ಳಬೇಕಿತ್ತು ಎಂಬುದೂ ನಿಜ.

ಗಾಲಿಕುರ್ಚಿ ಜಗಲಿಯ ಕೆಳಗೆ ಚಪ್ಪಲಿಗಳ ಸಾಲಿನಲ್ಲಿತ್ತು. ಅದರ ಮೇಲೆ ಒಂದು ಗೋಣಿ, ಗೋಣಿಯ ಮೇಲೆ ಸ್ವಲ್ಪ ಬಲೆ. ನಾನು ಅದರ ಪಕ್ಕದಲ್ಲಿಯೇ ನನ್ನ ಚಪ್ಪಲಿ ಬಿಟ್ಟೆ.

ಒಳಗೆ ಅಕ್ಕ ನೆಲದಲ್ಲಿದ್ದರು. ಅಡುಗೆಮನೆಯಿಂದ ಚಾವಡಿಗೆ, ಎರಡು ಅಂಗೈ ಊರಿ, ಕಾಲುಗಳನ್ನು ಎಳೆದುಕೊಂಡು ಬರುತ್ತಿದ್ದರು. ಮಡಿಲಲ್ಲಿ ಸಿಪ್ಪೆ ಸುಲಿದ ಬೆಳ್ಳುಳ್ಳಿಯ ಬಟ್ಟಲು. ವೇಗವಾಗಿಯೇ ಬರುತ್ತಿದ್ದರು, ಅದು ಒಂದೆರಡು ದಿನದ ಅಭ್ಯಾಸವಲ್ಲ. ನನ್ನನ್ನು ಕಂಡು ನಿಂತರು.

"ಎಂತ ಮೇಡಂ, ಫೋನ್ ಮಾಡದೆ ಬಂದ್ರಿ?"

ತಾಯಿ ಒಳಗಿನಿಂದ ಬಂದವರು ನೇರ ಹೊರಗೆ ಹೋಗಿ ಕುರ್ಚಿಯ ಮೇಲಿನ ಗೋಣಿ ತೆಗೆದು, ಚೆಂಬಿನಿಂದ ಚಕ್ರಕ್ಕೆ ನೀರು ಹೊಯ್ಯತೊಡಗಿದರು. ಆ ಒದ್ದೆ ಗೆರೆಗಳು ಏನೆಂದು ನನಗೆ ಆಗ ಅರ್ಥವಾಯಿತು. ಬೇಡ, ಬಿಡಿ ಎಂದೆ. ಈ ಸಲ ತುಳುವಿನಲ್ಲಿ ಕೇಳಿದೆ, ಕುರ್ಚಿ ಯಾಕೆ ಹೊರಗೆ ಎಂದು.

ಅಂಥದ್ದನ್ನೂ ಕೇಳುವವರಿದ್ದಾರಾ ಎಂಬಂತೆ ತಾಯಿ ನೋಡಿದರು. "ಮೆಟ್ಟು ಹಾಕಿಕೊಂಡು ಚಾವಡಿಗೆ ಬರುವುದುಂಟಾ ಮಗಾ? ದೈವ ಇರುವ ಜಾಗ. ನೀವು ಬರುವಾಗ ಚಪ್ಪಲಿ ಹೊರಗೆ ಬಿಡುವುದಿಲ್ವಾ? ಆ ಚಕ್ರ ರಸ್ತೆಯಲ್ಲೆಲ್ಲ ಹೋಗಿ ಬಂದದ್ದು."

ನೀವು ಬರುವ ದಿನ ಮಾತ್ರ ಸೋಪು ಹಾಕಿ ತೊಳೆದು ಒಳಗೆ ತರುತ್ತೇವೆ, ಮನೆಗೆ ಬಂದವರಿಗೆ ಬೇಜಾರಾಗಬಾರದಲ್ಲ ಎಂದೂ ಹೇಳಿದರು. ಒಳ್ಳೆಯ ತಟ್ಟೆ ತೆಗೆದು ಚಕ್ಕುಲಿ ಕೊಟ್ಟಷ್ಟೇ ಸಹಜವಾಗಿ.

ಕನ್ನಡಿಯ ಬಗ್ಗೆ ಕೇಳಿದೆ. ಗೂಡಿನಲ್ಲಿತ್ತು, ಮೊದಲು ದಿನಾ ನೋಡುತ್ತಿದ್ದರಂತೆ, ಏನೂ ಕಾಣದ ಕಾರಣ ನಿಲ್ಲಿಸಿದ್ದರಂತೆ. ಕೋಣೆಯ ಬಾಗಿಲು ಹಾಕಿ ಅಕ್ಕನನ್ನು ಮಗ್ಗುಲಿಗೆ ತಿರುಗಿಸಿದೆವು. ಕೂರುವ ಎಲುಬಿನ ಮೇಲೆ ಬಲಗಡೆ ಕೆನ್ನೇರಳೆ ಬಣ್ಣದ ಕಲೆ, ನಡುವೆ ಒಡೆದ ಬಾಯಿ. ಕನ್ನಡಿ ಹಿಡಿದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಬೋಟು ಇಳಿಯಲು ಇನ್ನೆಷ್ಟು ದಿನ ಉಂಟು ಎಂದು ತಾಯಿಯನ್ನು ಕೇಳಿದರು. ಲೆಕ್ಕ ಇಬ್ಬರಿಗೂ ಗೊತ್ತಿತ್ತು.

ಮರುದಿನ ಅವರನ್ನು ವಾರ್ಡಿಗೆ ಸೇರಿಸಿದೆವು. ಹೊರಗಿನ ಬಾಯಿ ಸಣ್ಣದು, ಒಳಗೆ ದೊಡ್ಡದಿತ್ತು. ಶುಚಿ ಮಾಡಿ, ಆಮೇಲೆ ಒಂದು ಶಸ್ತ್ರಚಿಕಿತ್ಸೆ. ಅಷ್ಟೂ ದಿನ ಬೋರಲು ಮಲಗಬೇಕು, ಕೂರುವ ಹಾಗಿಲ್ಲ.

ಅದೇ ವಾರ ನನ್ನ ಮಾರ್ಗದರ್ಶಕರ ಕೋಣೆಗೆ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಹೆಚ್ಚು ಮಾತಿನವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎಷ್ಟು ಮನೆಗೆ ಫೋನ್ ಮಾಡದೆ ಹೋಗಿದ್ದೀರಿ ಎಂದು ಕೇಳಿದರು. ಒಂದು ಎಂದೆ.

"ಹಾಗಾದರೆ ನಮಗೆ ಗೊತ್ತಿರುವುದು ಒಂದೇ ಮನೆ."

ಬೈದಿದ್ದರೆ ಸುಲಭವಿತ್ತು. ಎರಡು ವರ್ಷ ಬಸ್ಸಿನಲ್ಲಿ ತಿರುಗಿ ತುಂಬಿಸಿದ, ಗಾಲಿಕುರ್ಚಿ ಬಳಕೆಯ ಆ ಒಂದು ಕಾಲಂ ಪೂರ್ತಿ ಬಿಟ್ಟುಬಿಡುವುದೆಂದು ನಿರ್ಧಾರವಾಯಿತು. ಮುಂದೆ ಯಾವಾಗ ಬೇಕಾದರೂ ಬರಬಹುದೇ ಎಂದು ಮನೆಯವರಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ಅದಕ್ಕೆ ಹೊಸ ಅರ್ಜಿ, ಹೊಸ ಅನುಮತಿ. ಅಲ್ಲಿಯವರೆಗೆ ನಾನು ಉಳಿದ ಮನೆಗಳಿಗೆ ಫೋನ್ ಮಾಡಿದೆ. ಗಾಲಿಕುರ್ಚಿ ಬಳಸುತ್ತೀರಾ ಎಂದು ಕೇಳಲಿಲ್ಲ. ಕುರ್ಚಿ ಈಗ ಎಲ್ಲುಂಟು ಎಂದು ಕೇಳಿದೆ. ಕಾರ್ಕಳದ ಕಡೆಯ ಒಬ್ಬರು, "ಎಲ್ಲಿಗೆ ಹೋಗ್ತದೆ ಮಾರಾಯ್ರೆ, ಅಂಗಳದಲ್ಲೇ ಉಂಟು" ಎಂದರು. ಇನ್ನೊಬ್ಬರು ಅಟ್ಟದಲ್ಲಿ ಜೋಪಾನವಾಗಿದೆ, ಪ್ಲಾಸ್ಟಿಕ್ ಕೂಡ ತೆಗೆದಿಲ್ಲ, ಬೇಕಾದರೆ ವಾಪಸು ಕೊಡುತ್ತೇವೆ ಎಂದರು. ಕೆಲವರ ಮನೆಯಲ್ಲಿ ಮಾತ್ರ ಅದು ನಿಜವಾಗಿ ಒಳಗಿತ್ತು. ಈ ಎಲ್ಲ ಮನೆಗಳ ಮೆಟ್ಟಿಲ ಬಳಿ ನಾನು ಚಪ್ಪಲಿ ಬಿಟ್ಟಿದ್ದೆ. ಹೊರಗಿನಿಂದ ಬಂದ ಯಾರಾದರೂ ಈ ಅಧ್ಯಯನ ಮಾಡಿದ್ದರೆ ಬೂಟು ಬಿಚ್ಚುವಾಗ ಒಮ್ಮೆಯಾದರೂ ಯಾಕೆ ಎಂದು ಕೇಳುತ್ತಿದ್ದರೋ ಏನೋ. ನಾನು ಇಲ್ಲಿಯವಳು. ಕೇಳಲು ನನಗೆ ಅಲ್ಲಿ ಏನೂ ಕಂಡಿರಲಿಲ್ಲ.

ಆ ಶನಿವಾರ ಊಟಕ್ಕೆ ಕುಳಿತಾಗ ನನ್ನ ತಾಯಿಗೆ ಈ ವಿಷಯ ಹೇಳಿದೆ. ಅವರು ಸಾರು ಬಡಿಸುತ್ತಾ, "ಮತ್ತೆ? ಅದನ್ನು ಒಳಗೆ ತರುವುದಾ?" ಎಂದರು.

ವಾರ್ಡಿನಲ್ಲಿ ಅಕ್ಕ ಬೋರಲು ಮಲಗಿ, ಮಂಚದ ಅಂಚಿನಿಂದ ತಲೆ ಸ್ವಲ್ಪ ಹೊರಗೆ ಹಾಕಿ ನೆಲ ನೋಡುತ್ತಿದ್ದರು. ಹಾಗೆ ಮಲಗಿದವರಿಗೆ ಮನುಷ್ಯರ ಮುಖ ಕಾಣುವುದಿಲ್ಲ, ಪಾದ ಕಾಣುತ್ತದೆ. ಡಾಕ್ಟರು, ನರ್ಸು, ಕ್ಯಾಂಟೀನಿನವನು, ಎಲ್ಲರನ್ನೂ ಅವರು ಚಪ್ಪಲಿಯಲ್ಲಿ ಗುರುತು ಹಿಡಿಯುತ್ತಿದ್ದರು. ನನ್ನದು ಪಟ್ಟಿ ಕಿತ್ತು ಹೊಲಿಸಿದ ಚಪ್ಪಲಿ.

"ಬಂದ್ರು, ಹೊಲಿಗೆಯ ಚಪ್ಪಲಿ. ಇಷ್ಟು ಕಲಿತವರಿಗೆ ಒಂದು ಹೊಸ ಜೋಡು ತೆಗೆದುಕೊಳ್ಳಲಿಕ್ಕೆ ಆಗುವುದಿಲ್ವಾ?"

ಸಮಯವಾಗಲಿಲ್ಲ ಎಂದೆ. ಸ್ಟೂಲು ಎಳೆದು, ಅವರಿಗೆ ಮುಖ ಕಾಣುವಷ್ಟು ತಗ್ಗಿ ಕುಳಿತೆ. ಬಹಳ ದಿನದಿಂದ ಹೇಳಬೇಕೆಂದಿದ್ದದ್ದನ್ನು ಹೇಳಿದೆ: ನಾನು ಕೇಳಬೇಕಿತ್ತು.

"ನಾನು ಹೇಳಬೇಕಿತ್ತು," ಎಂದರು ಅಕ್ಕ. "ನೀವು ಬರುವ ದಿನ ಮಾತ್ರ ನನಗೆ ಒಳಗೆ ಕುರ್ಚಿ ಸಿಗ್ತಿತ್ತು. ಹೇಳಿದರೆ ಅದೂ ಇಲ್ಲ ಅಂತ ಸುಮ್ಮನಿದ್ದೆ."

ಅವರ ಹೊದಿಕೆ ಸರಿ ಮಾಡಿ ಎದ್ದು ಬಂದೆ.

ಬೋಟುಗಳು ಇಳಿದವು. ಆ ವಾರದ ಒಂದು ಮಧ್ಯಾಹ್ನ ಮಾರುಕಟ್ಟೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸು ಅಕ್ಕನನ್ನು ನೋಡಲು ಬಂದರು. ನಾನು ಅಲ್ಲಿಯೇ ಇದ್ದೆ. ಅವರ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಚಪ್ಪಟೆ ವಸ್ತು ಇತ್ತು. ಹಣ್ಣು, ಬಿಸ್ಕತ್ತು ಎಲ್ಲ ಕೊಟ್ಟಾದ ಮೇಲೆ ಅದನ್ನು ಮಂಚದ ಕೆಳಗಿಟ್ಟರು. ಅಕ್ಕ ಮಲಗಿದಲ್ಲಿಂದಲೇ ಅದನ್ನು ನೋಡಿದರು. ಅದು ಅವರ ಮಣೆ. ನಾಲ್ಕು ದಿನ ತಡೆದೆ, ಐದನೆಯ ದಿನ ಆಗಲಿಲ್ಲ ಎಂದು ಆ ಹೆಂಗಸು ಹೇಳಿದರು. ಅಕ್ಕ ಆಯಿತು ಎಂದರು. ಯಾರು ಕೂತಿದ್ದಾರೆ ಎಂದೂ ಕೇಳಲಿಲ್ಲ.

ಅವರು ಹೋದ ಮೇಲೆ ತಾಯಿ ಮಂಚದ ಪಕ್ಕದಲ್ಲಿ ಕಿತ್ತಳೆ ಬಿಡಿಸುತ್ತಾ ಕುಳಿತಿದ್ದರು. ನಾನು ಡ್ರೆಸ್ಸಿಂಗಿನ ದಾಖಲೆ ಬರೆಯುತ್ತಿದ್ದೆ. ಅಕ್ಕ ನೆಲ ನೋಡುತ್ತಾ, ದನಿ ಏರಿಸದೆ ಮಾತಾಡಿದರು.

"ಅಮ್ಮಾ, ನೀನು ಬುಟ್ಟಿ ಹೊತ್ತು ಬರಿಗಾಲಲ್ಲಿ ಊರೆಲ್ಲ ತಿರುಗ್ತಿದ್ದೆ. ಸೆಗಣಿ, ಕೆಸರು, ರಸ್ತೆ. ಮನೆಗೆ ಬಂದು ಎಂತ ಮಾಡ್ತಿದ್ದೆ?"

"ಎಂತ ಮಾಡುವುದು? ಕಾಲು ತೊಳೆದು ಒಳಗೆ ಬರ್ತಿದ್ದೆ."

"ದೈವ ಎಂತಾದರೂ ಹೇಳಿತಾ?"

ತಾಯಿ ಕಿತ್ತಳೆಯ ನಾರು ತೆಗೆಯತೊಡಗಿದರು.

"ಹಾಗಾದರೆ ಅದನ್ನು ಮೆಟ್ಟು ಅಂತ ಹೇಳಬೇಡ. ಅದು ನನ್ನ ಕಾಲು."

ತಾಯಿ ಕಿತ್ತಳೆಯನ್ನು ತಟ್ಟೆಯಲ್ಲಿಟ್ಟು, ಅರ್ಧ ತುಂಬಿದ್ದ ಜಗ್ಗನ್ನು ತೆಗೆದುಕೊಂಡು ನೀರು ತರುತ್ತೇನೆ ಎಂದು ಹೊರಗೆ ಹೋದರು. ಬಹಳ ಹೊತ್ತು ಬರಲಿಲ್ಲ. ನಾನು ಬರೆಯುವುದು ಮುಗಿದಿದ್ದರೂ ಬರೆಯುತ್ತಿರುವಂತೆ ಕುಳಿತೆ. ಇದಕ್ಕೆ ಪರಿಹಾರವೆಂದು ನಾವು ಯೋಚಿಸಿದ್ದು ಮನೆಯೊಳಗೆ ಬಳಸಲು ಬೇರೆ ಕುರ್ಚಿ, ಚಕ್ರಕ್ಕೆ ಬಟ್ಟೆಯ ಚೀಲ; ಒಂದಕ್ಕೆ ಹಣವಿರಲಿಲ್ಲ, ಇನ್ನೊಂದು ಜಾರುತ್ತಿತ್ತು. ಆ ಮನೆಯ ಮೆಟ್ಟಿಲಲ್ಲಿ ಮೂರು ಸಲ ನಾನೇ ಕಾಲು ತೊಳೆದಿದ್ದೆ, ಆದರೂ ಇದು ಹೊಳೆದಿರಲಿಲ್ಲ.

ಅಕ್ಕ ಮನೆಗೆ ಹೋಗಿ ಒಂದು ತಿಂಗಳಾದ ಮೇಲೆ ಹೊಸ ಅನುಮತಿ ಬಂತು. ಫೋನ್ ಮಾಡದೆ ಹೋದೆ. ಗೇಟಿನ ಬಳಿ ನಿಂತಾಗ ತಾಯಿ ಅಕ್ಕನನ್ನು ರಸ್ತೆಯಿಂದ ಒಳಗೆ ತರುತ್ತಿದ್ದರು. ಹಲಗೆಯ ಬುಡದಲ್ಲಿ ಕುರ್ಚಿ ನಿಲ್ಲಿಸಿ, ಚೆಂಬಿನಿಂದ ಬಲಗಡೆಯ ಚಕ್ರಕ್ಕೆ ನೀರು ಹೊಯ್ದರು, ಅರ್ಧ ಸುತ್ತು ಮುಂದೆ ತಳ್ಳಿದರು, ಮತ್ತೆ ಹೊಯ್ದರು, ಚಿಂದಿಯಿಂದ ಒರೆಸಿದರು. ಆಮೇಲೆ ಎಡಗಡೆ. ಆಮೇಲೆ ಮುಂದಿನ ಸಣ್ಣ ಎರಡು. ಸೊಂಟ ಹಿಡಿದುಕೊಂಡು ಎದ್ದರು.

"ನಾಲ್ಕು ಕಾಲು ಇದಕ್ಕೆ," ಎಂದು ಗೊಣಗಿದರು. "ದನಕ್ಕೆ ಕೂಡ ನಾನು ಇಷ್ಟು ಮಾಡಿಲ್ಲ."

ದೈವದ ಮಂಚದ ಮೂಲೆಗೆ ಮಾತ್ರ ಕುರ್ಚಿ ಹೋಗಬಾರದು. ನೆಲದಲ್ಲಿ ಎಲ್ಲಿಯವರೆಗೆ ಎಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಅಲ್ಲಿ ತಾವಾಗಿ ತಿರುಗಿಸುತ್ತಿದ್ದರು.

ಡಿಸೆಂಬರಿನಲ್ಲಿ ಅಕ್ಕ ಮಾರುಕಟ್ಟೆಗೆ ಹೋದರು. ಬೆಳಕಿನ ಜಾಗ ಸಿಗಲಿಲ್ಲ. ಸಾಲಿನ ಕೊನೆಯಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯ ಪಕ್ಕ, ನೀರು ಹರಿಯುವ ಕಡೆ ಸಿಕ್ಕಿತು. ಉಳಿದವರೆಲ್ಲ ತಗ್ಗಿನಲ್ಲಿ, ಇವರೊಬ್ಬರು ಕುರ್ಚಿಯ ಎತ್ತರದಲ್ಲಿ. ಬುಟ್ಟಿಯನ್ನು ಎರಡು ಖಾಲಿ ಕ್ರೇಟುಗಳ ಮೇಲೆ ಇಟ್ಟುಕೊಂಡಿದ್ದರು. ತಹಶೀಲ್ದಾರರ ಹಾಗೆ ಕೂತಿದ್ದಾಳೆ ಎಂದು ಸಾಲಿನವರು ಹಾಸ್ಯ ಮಾಡಿದರು. ಮೊದಲ ದಿನ ನಾನು ಗಡಿಯಾರ ನೋಡುತ್ತಾ ಪಕ್ಕದಲ್ಲಿ ನಿಂತಿದ್ದೆ. ಒಬ್ಬರು ಬಂಗುಡೆಗೆ ತೀರಾ ಕಡಿಮೆ ಕೇಳಿದರು. ಅದೇ ಹೊತ್ತಿಗೆ ಕಾಲು ಗಂಟೆ ಆಗಿತ್ತು. ಅಕ್ಕ ಕುರ್ಚಿಯ ಕೈಗಳನ್ನು ಒತ್ತಿ ಮೈ ಮೇಲೆತ್ತಿದರು. ಸಿಟ್ಟಿನಿಂದ ಏಳುತ್ತಿದ್ದಾರೆ ಎಂದು ಗಿರಾಕಿ ತಿಳಿದರು, ಒಂದು ಹೆಜ್ಜೆ ಹಿಂದೆ ಸರಿದು ಸ್ವಲ್ಪ ಹೆಚ್ಚು ಹೇಳಿದರು. ಅಕ್ಕ ನನ್ನ ಕಡೆ ನೋಡಲಿಲ್ಲ. ಆಮೇಲೆ ಕಾಲು ಗಂಟೆ ಆಗದೆಯೂ ಎರಡು ಸಲ ಎತ್ತಿದರು.

ಎರಡು ಗಂಟೆ ಕಳೆದಾಗ ನಿಲ್ಲಿಸಿದೆ. ಬುಟ್ಟಿಯಲ್ಲಿ ಇನ್ನೂ ಬೂತಾಯಿ ಮೀನು ಉಳಿದಿತ್ತು. ಪಕ್ಕದವರಿಗೆ ಒಪ್ಪಿಸಿ, ಮನೆಗೆ ಹೋಗಿ, ತಾಯಿ ನಾಲ್ಕು ಚಕ್ರ ತೊಳೆಯುವವರೆಗೆ ಕಾದು, ನನ್ನ ಕಾಲು ತೊಳೆದು ಒಳಗೆ ಹೋದೆ. ಕೋಣೆಯಲ್ಲಿ ಅಕ್ಕ ಮಗ್ಗುಲಾಗಿ ಕನ್ನಡಿ ಹಿಡಿದರು. ಗಾಯದ ಕಲೆಯ ಅಂಚಿನಲ್ಲಿ ಸ್ವಲ್ಪ ಕೆಂಪಿತ್ತು. ಬೆರಳಿನಿಂದ ಒತ್ತಿದೆ, ಎತ್ತಿದೆ. ಒತ್ತಿದ ಜಾಗ ಬಿಳುಪಾಗಿ, ಮೆಲ್ಲಗೆ ಬಣ್ಣ ಮರಳಿತು. ಹಾಗೆ ಮರಳಿದರೆ ಚರ್ಮ ಬದುಕಿದೆ ಎಂದು ಅರ್ಥ. ಅದು ಆ ದಿನದ ಲೆಕ್ಕ ಮಾತ್ರ. ನಾಳೆ ಮತ್ತೆ ನೋಡಬೇಕು, ನಾಡಿದ್ದು ಮತ್ತೆ, ಅವರು ಇರುವಷ್ಟು ದಿನ.

"ನಾಳೆ ಹೋಗಬಹುದಲ್ವಾ?"

ಹೋಗಿ, ಎರಡೇ ಗಂಟೆ ಎಂದೆ.

"ಮೂರು."

ಎರಡು ಎಂದೆ.

"ಆಯ್ತು, ನಿಮಗೂ ಬೇಡ ನನಗೂ ಬೇಡ. ಎರಡೂವರೆ."

ಬೆಳಿಗ್ಗೆ ಆರೂವರೆಗೆ ಮಣಿಪಾಲದಿಂದ ಹೊರಟವಳು ನಾನು. ಕಾರ್ಕಳದ ಬಸ್ಸು ಹಿಡಿದು ಇನ್ನೊಂದು ಮನೆಗೆ ಹೋಗುವುದಿತ್ತು. ಇಪ್ಪತ್ತು ವರ್ಷ ಮೀನು ಮಾರಿದವರ ಜೊತೆ ಚೌಕಾಶಿ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಎರಡೂಕಾಲು ಎಂದೆ, ಅವರು ಕನ್ನಡಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಒಪ್ಪಿಕೊಂಡರು.